ಬೂದಿ ಬುಧವಾರ, ಹಾಲಿನ ಡೇರಿ

ನಾಲೆ ಏರಿಯ ಮೇಲೆ ಇನ್ನೂ ಕತ್ತಲು.
ಗುಡಿಯಿಂದ ನೇರ ಬಂದು ಡೇರಿಯ ಬೀಗ ತೆಗೆದೆ.
ಹಣೆಯಲ್ಲಿ ಸ್ವಾಮಿಯವರ ಹೆಬ್ಬೆರಳು ಒತ್ತಿದ ಬೂದಿ.
ಹೋದ ವರ್ಷದ ಗರಿಹಬ್ಬದ ಗರಿ ಸುಟ್ಟರೆ
ಇಷ್ಟೇ ಆಗುವುದು.
ಮಣ್ಣು ನೀನು, ಅಂದಿದ್ದರು.
ಮಣ್ಣಾದರೆ ಚಿಂತೆಯಿಲ್ಲ,
ಮಂಡ್ಯದ ಮಣ್ಣು ಕಬ್ಬು ಬೆಳೆಯುತ್ತದೆ.
ನಾನು ಬೆಳೆದದ್ದು ಬೇರೆ.

ಮೂರು ವರ್ಷ, ದಿನಕ್ಕೆರಡು ಹೊತ್ತು,
ಗಾಜಿನ ಕೊಳವೆಯಲ್ಲಿ ಕೊಬ್ಬು
ನಾಲ್ಕರ ಗೆರೆ ದಾಟಿ ನಿಂತಿದ್ದರೂ
ಓದು ಬಾರದ ಏಳು ಮನೆಯ ಹಾಲಿಗೆ
ಮೂರೂವರೆ ಬರೆದೆ.
ಕೈ ನಡುಗಲಿಲ್ಲ. ಅದನ್ನೂ ಹೇಳಿಬಿಡಬೇಕು.
ಉಳಿದ ಚೂರುಪಾರು ಕೂಡಿ
ಕೊಟ್ಟಿಗೆಯೇ ಇಲ್ಲದ ನನ್ನ ಮನೆಯಲ್ಲಿ
ದಿನಕ್ಕೆರಡು ಲೀಟರು ಕರೆಯುತ್ತಿತ್ತು
ಪುಸ್ತಕದೊಳಗಿನ ಹಸು.
ಅದಕ್ಕೆ ಹುಲ್ಲು ಬೇಡ, ಕಲಗಚ್ಚು ಬೇಡ.
ರಾತ್ರಿ ಮಾತ್ರ ಕೂಗುತ್ತಿತ್ತು.

ಶನಿವಾರ ಪಾಪನಿವೇದನೆಯಲ್ಲಿ, ಜಾಲರಿಯ ಆಚೆ
ಸ್ವಾಮಿಯವರು ಕೆಮ್ಮಿದರು. ಬೈಯಲಿಲ್ಲ.
"ದೇವರು ಎದ್ದು ಬಾಗಿಲಿಗೆ ಬಂದು
ಬಹಳ ಹೊತ್ತಾಯಿತು, ಚೌರಪ್ಪ.
ನೀನು ಅವರ ಬಾಗಿಲಿಗೆ ಹೋಗು."
ನನಗೆ ಸಿಟ್ಟು ಬಂತು.
ಹತ್ತು ಜಪಸರ ಅಂದಿದ್ದರೆ ಇಪ್ಪತ್ತು ಹೇಳುತ್ತಿದ್ದೆ.
ನಾಲ್ಕು ದಿನ ತಡೆದೆ,
ಮೂರೂವರೆ ಬರೆಯುತ್ತಲೇ.

ಚಿಕ್ಕತಾಯಮ್ಮ ಎಂದಿನಂತೆ ಮೊದಲು ಬಂದಳು,
ಕ್ಯಾನಿನ ಬಾಯಿಗೆ ಸೆರಗು ಮುಚ್ಚಿ.
"ಏನ್ಲಾ ಚೌರ, ನೀವೂ ಈಬೂತಿ ಇಕ್ಕತೀರಾ?"
"ತೆಪ್ಪು ಮಾಡ್ದೋರು ಇಕ್ಕತೀವಿ" ಅಂದೆ.
ನಗು ಅಲ್ಲೇ ನಿಂತಿತು.
ಹೇಳಿದೆ.
ಹಿಂದೆ ನಾಲ್ಕು ಜನ ಸೇರಿದ್ದರು.
ಯಾರೋ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ ಸದ್ದು.

ದೇವರು ಮಾತಾಡಿದರೆ ಹೇಗೆ ಕೇಳಿಸುತ್ತದೋ,
ಅವಳದು ಹೀಗೆ ಕೇಳಿಸಿತು:
"ನಿನ್ ಕೈ ಸೇದೋಗ.
ಮೊಮ್ಮಗೀಗೆ ಒಂದ್ ಲೋಟ ಕೊಡ್ದೆ
ತಂದ್ ಸುರೀತಿದ್ನಲ್ಲೋ."
ಉಗಿದಳು. ಹಾಲು ಸುರಿದಳು. ಹೋದಳು.

ಮಧ್ಯಾಹ್ನ ಇದ್ದಷ್ಟು ದುಡ್ಡು
ಅವಳ ಜಗಲಿಯ ಮೇಲಿಟ್ಟೆ.
ಎಣಿಸಿದಳು, ಎರಡು ಸಲ.
ಕೂತುಕೋ ಅನ್ನಲಿಲ್ಲ.

ಸಂಜೆ ಬಂದಳು.
ಬರದೆ ಎಲ್ಲಿಗೆ ಹೋದಾಳು, ಊರಿಗೊಂದೇ ಡೇರಿ.
ಇದನ್ನು ಕರುಣೆ ಅನ್ನಬಾರದೇನೋ.
ಆದರೆ ಕ್ಯಾನು ಕೆಳಗಿಟ್ಟು
ಮೇಜು ಸುತ್ತಿ ಒಳಗೆ ಬಂದು
"ಆ ಗೆರೆ ಓದೋದು ನಂಗೂ ಯೋಳ್ಕೊಡು" ಅಂದಳು.
ಬಲ್ಬಿನ ಕೆಳಗೆ ಕೊಳವೆ ಹಿಡಿದೆ.
ಬೆವರಿಗೆ ಬೂದಿ ಇಳಿದು ಕಣ್ಣು ಉರಿಯುತ್ತಿತ್ತು.
ಸಗಣಿ ಒಣಗಿದ ಬೆರಳು ಗಾಜಿನ ಮೇಲೆ
ಒಂದೊಂದೇ ಗೆರೆ ಹತ್ತಿತು.

"ನಾಲ್ಕು. ಆಮೇಕೊಂದು."
"ಎರಡು" ಅಂದೆ. "ನಾಲ್ಕರ ಮೇಲೆ ಎರಡು."

"ಗೊತ್ತು" ಅಂದಳು.
"ಬರ್ಕೊ."