ಗಡ್ಡಕ್ಕ ಪರವಾನಗಿ ಇಲ್ಲ

ಬಿಬವೇವಾಡಿ ಓಣ್ಯಾಗ ನಮ್ಮದು ಎರಡು ಖುರ್ಚಿ ಅಂಗಡಿ.
ಮೂರು ತಿಂಗಳಾತು, ಶಟರ್ ಎತ್ತಿಲ್ಲ.
ಎದುರಿನ ವೈನ್ ಶಾಪು ಮೇ ತಿಂಗಳದಾಗ ತೆರೀತು;
ಮಂದಿ ಸುಣ್ಣದ ಉಂಗುರದಾಗ ಸಾಲಾಗಿ ನಿಂತ್ರು
ದೇವರಿಗೆ ನಿಂತಂಗ, ಚಪ್ಪಲಿ ಒಂದ ಬಿಟ್ಟಿರಲಿಲ್ಲ.
ಅಟ್ಟದ ಕಿಡಕ್ಯಾಗಿಂದ ನಾ ತಲಿ ಎಣಿಸಿದೆ.
ಕಿವಿ ಮುಚ್ಚಿ, ಕಾಲರ್ ದಾಟಿ
ಬೆಳಿ ಬಂದು ನಿಂತೈತಿ,
ಕೊಯ್ಯಾಕ ಅಪ್ಪಣಿ ಇಲ್ಲ.

ಹೊಟ್ಟಿಗೆ ಹಿಟ್ಟಿಲ್ಲಂದ್ರೂ ಜುಟ್ಟಿಗೆ ಮಲ್ಲಿಗಿ ಅಂತ
ನಗತಿತ್ತು ಊರಾಗ ಮಂದಿ.
ನಮ್ಮ ಮನ್ಯಾಗ ಲೆಕ್ಕ ಬ್ಯಾರೆ:
ಜುಟ್ಟು ಇದ್ರನ ಹಿಟ್ಟು.

ರಾತ್ರಿ ಒಂಬತ್ತಕ್ಕ ಟಿವ್ಯಾಗ ಇಬ್ಬರು ಸಾಹೇಬ್ರು.
ಒಬ್ಬವ ತೆರೀರಿ ಅಂತಾನ,
ಬಡವ ರೋಗಕ್ಕಿಂತ ಮೊದಲ ಹಸಿವಿಗೆ ಸಾಯ್ತಾನಂತ.
ಇನ್ನೊಬ್ಬವ ಮುಚ್ಚೇ ಇರ್ಲಿ ಅಂತಾನ,
ಸಾಸೂನ್ ದವಾಖಾನ್ಯಾಗ ಹಾಸಿಗಿ ಎಲ್ಲೈತಿ ತೋರ್ಸಂತ.
ರೊಟ್ಟಿ ಬಡಿಯೂದು ನಿಂದ್ರಿಸಿ ಭೌರವ್ವ ಕೇಳ್ತಾಳ:
"ಇಬ್ಬರದೂ ಖರೇ ಅನಸ್ತೈತಿ.
ಮತ್ತ ಜಗಳ ಯಾಕ?"
ನಾ ಮಾತಾಡಲಿಲ್ಲ.
ಅವರ ಕಿವಿ ಮ್ಯಾಲಿನ ಅಂಚು ನೋಡ್ತಿದ್ದೆ.
ಇಬ್ಬರದೂ ಸಾಪ, ಮೊನ್ನಿ ಮೊನ್ನಿ ಆದದ್ದು.
ಕತ್ತರಿ ಆಡಿಸಿದವ ನಾನ.

ಮೊದಲನೇವ್ನ ಗಾಡಿ ಬಂದದ್ದು ನಸುಕಿನ್ಯಾಗ.
ಪೆಟ್ಟಿಗಿ ತೊಗೊ, ಹಿಂದಿನ ಸೀಟಿನ್ಯಾಗ ಬಗ್ಗಿ ಕುಂದ್ರು
ಅಂದ ಡ್ರೈವರ್, ಮರಾಠಿಯೊಳಗ.
ಬಂಗ್ಲೆದ ಹಿತ್ತಲದಾಗ ನನ್ನ ನಿಂದ್ರಿಸಿ
ಬದನಿ ಗಿಡಕ್ಕ ಎಣ್ಣಿ ಹೊಡದಂಗ
ನೆತ್ತಿಯಿಂದ ಹಿಮ್ಮಡಿ ತನಕ ಹೊಡದ್ರು.
ಸಾಹೇಬ ಕಣ್ಣು ಮುಚ್ಚೇ ಕುಂತಿದ್ದ.
ನನ್ನ ಕೈ ಮಾರಿ ಹತ್ರ ಬಂದಾಗೆಲ್ಲ ಉಸಿರು ಹಿಡೀತಿದ್ದ,
ದೇಶಾ ತೆರೀಬೇಕು ಅನ್ನಾವ.
ಹೆಡಕಿನ ಕೂದಲಾ ತೆಗಿಯೂಮುಂದ
ಎಂಥವನೂ ತಲಿ ಬಗ್ಗಸ್ತಾನ.
ಅವನೂ ಬಗ್ಗಿಸಿದ.
ಎರಡು ಸಾವಿರ, ಪ್ಲಾಸ್ಟಿಕ್ ಚೀಲದಾಗ.

ಎರಡನೇವ ಸಹಕಾರನಗರದಾಗ, ನಾಕನೇ ಮಾಳಿಗಿ.
ಒಳಗಿನ ಖೋಲ್ಯಾಗ ಅವನ ತಾಯಿ ಕೆಮ್ಮತಿತ್ತು.
ಲಗೂ ಮುಗಿಸಪಾ ಅಂದ.
ರೊಕ್ಕ ಎಣಿಸೂ ಕೈ ನಡಗತಿತ್ತು.
ಯಾರ ಮುಂದೂ ಹೇಳಬ್ಯಾಡ ಅಂದ;
ಮೊದಲನೇವನೂ ಅದನ್ನ ಅಂದಿದ್ದ.

ನಾ ಹೇಳಿಲ್ಲ. ನಾಕು ಸಾವಿರದಾಗ
ಅಂಗಡಿ ಬಾಡಗಿ ಅರ್ಧಾ ತೀರ್ತು.

ಬಾಜೂಕ ದರ್ಜಿ ಪಿಸೆ ಕಾಕಾನ ಅಂಗಡಿ.
ಏಪ್ರಿಲ್ ತಿಂಗಳೆಲ್ಲ ಶಟರ್ ಅರ್ಧ ಇಳಿಸಿ
ಒಳಗ ಮಾಸ್ಕ್ ಹೊಲೀತಿದ್ದ, ಐದೈದು ರುಪಾಯಿಗೆ;
ಹೊರಗಿಂದ ಬರೇ ಅವನ ಪಾದ ಕಾಣತಿದ್ದು,
ಮಶೀನಿನ ಮ್ಯಾಲ ಕುಣಿಯೂ ಪಾದ.
ಜೂನ್ ಎರಡಕ್ಕ ಒಯ್ದ್ರು. ಆರಕ್ಕ ಸುಡುಗಾಡಿನಿಂದ ಫೋನು.
ಮಾರಿ ತೋರಿಸಲಿಲ್ಲ.
ಹನ್ನೊಂದು ವರ್ಷ ಪ್ರತಿ ಶನಿವಾರ
ನನ್ನ ಕಡೆ ಗಡ್ಡ ಮಾಡಿಸ್ಕೊಂಡಾವ
ಎರಡೂವರಿ ತಿಂಗಳ ಗಡ್ಡದಾಗ ಹ್ಯಾಂಗ ಕಾಣತಿದ್ನೋ,
ನನಗ ಕಲ್ಪನಾ ಆಗೂದಿಲ್ಲ.

ಕಡೀಕ ಹುಕುಂ ಬಂತು. ತೆರೀಬಹುದು.
ಕೂದಲಾ ಕೊಯ್ಯಬಹುದು,
ಗಡ್ಡ ಮುಟ್ಟೂ ಹಂಗಿಲ್ಲ.
ರೋಗೇನು ಗಡ್ಡದಾಗ ಮಾತ್ರ ಕುಂದರತೈತೇನು
ಅಂತ ನಕ್ರು ಗಿರಾಕಿಗೋಳು.
ದರಪಟ್ಟಿ ಮ್ಯಾಲ ಆ ಒಂದ ಸಾಲಿಗೆ
ನಾ ಕ್ಯಾಲೆಂಡರಿನ ಹಾಳಿ ಅಂಟಿಸಿದೆ.
ಟಿವ್ಯಾಗ ಇಬ್ಬರೂ ತಾವ ಗೆದ್ದೇವಿ ಅಂದ್ರು.

ಸಂಜೀ ಮುಂದ ಪಿಸೆ ಕಾಕಾನ ಮಗ ಬಂದ, ದಿಗಂಬರ.
ಹತ್ತನೇ ದಿನಕ್ಕ ನದಿ ಹತ್ರ ಬಿಟ್ಟಿರಲಿಲ್ಲ ಅವನ್ನ,
ತಲಿ, ಗಡ್ಡ ಎಲ್ಲಾ ಹಂಗಽ ಉಳಿದಿತ್ತು.
ಖುರ್ಚ್ಯಾಗ ಕುಂತು, ಮನೀಂದ ತಂದ ಟವೆಲ್
ತಾನ ಕೊಳ್ಳಾಗ ಸುತ್ತಿಗೊಂಡ.
"ಎರಡೂ," ಅಂದ.

ಮೂಲ್ಯಾಗ ಪೊಲೀಸರ ಗಾಡಿ ಇತ್ತು.
ನನ್ನ ಮನ್ಯಾಗ ಎರಡು ಕೂಸು,
ಅವನ ಎದಿಯೊಳಗ ಏನೈತೋ ಯಾರು ಬಲ್ಲರು.
ಭೌರವ್ವ ಕೇಳಿದ್ದು ನೆನಪಾತು.

ಶಟರ್ ಅರ್ಧ ಇಳಿಸಿದೆ.
ಹೊರಗಿನವರಿಗೆ ನಮ್ಮ ಪಾದ ಅಷ್ಟ ಕಾಣತಿರಬೇಕು,
ಅವನವು ಎರಡು, ನನ್ನವು ಎರಡು.
ಹೊಸಾ ಬ್ಲೇಡ್ ಮುರದು ಹಾಕಿ
ನೀರು ಬಿಸಿ ಆಗೂ ತನಕ
ಇಬ್ಬರೂ ಸುಮ್ಮನಿದ್ವಿ.