ಮೂರನೇ ಗೇರಿನ ಮನಿ

ಕಾಲುವೆಗೆ ನೀರು ಬಿಟ್ಟ ಮರುದಿನವೇ ಬಂದ ಹುಸೇನಪ್ಪ,
ಮೂವತ್ತೆಂಟು ವರ್ಷದ ಝೀಟರ್ ಏರಿ,
ಕಾರಟಗಿ ಮುಟ್ಟುವುದರೊಳಗೆ ಎರಡು ಕಡೆ ನಿಂತು.
"ರಾಡು ನಾಯಿಬಾಲ ಆಗೇತಿ ನೋಡೋ ಲಾಳೇಸಾ."

ಹಿಡಿದು ನೋಡಿದೆ. ಗಂಜಿಯೊಳಗಿನ ಸೌಟು.
ಎಲ್ಲಿಗೆಂದರಲ್ಲಿಗೆ ತಿರುಗುತ್ತದೆ, ಎಲ್ಲಿಯೂ ಕಚ್ಚುವುದಿಲ್ಲ.
ನನಗೆ ಸಿಗದ್ದು ಅವನಿಗೆ
ಮೂರರಲ್ಲಿ ಒಂದು ಸಲ ಸಿಗುತ್ತಿತ್ತು:
ಮೊಣಕಾಲಿಗೆ ತಾಗಿಸಿ, ತುಸು ಮೇಲೆತ್ತಿ, ಎಡಕ್ಕೆಳೆದು,
ಒಂದು ಬೈಗುಳ, ಆಮೇಲೆ ಕಟಕ್.
"ಮೂರನೇದು ಎಲ್ಲೈತಿ?"
"ನಾಲ್ಕನೇದರ ಮನಿಯಾಗ ಬಾಡಿಗಿ ಐತಿ."

ನಾಲ್ಕು ಬೋಲ್ಟು, ಮುಚ್ಚಳ, ಸ್ಪ್ರಿಂಗು.
ಸ್ಪ್ರಿಂಗಿನ ಕೆಳಗೆ ಚಪ್ಪಲಿಯಿಂದ ಕೊಯ್ದ ರಬ್ಬರು,
ಯಾವ ಕಾಲದ ಯಾವ ಮೇಸ್ತ್ರಿಯದೋ.
ರಾಡು ಮೇಲೆ ಬಂತು, ಕರಿ ಎಣ್ಣೆ ಸುರಿಸುತ್ತ.
ಗುಂಡಗಿರಬೇಕಾದ ತುದಿ
ಅರ್ಧ ಚೀಪಿ ಉಗುಳಿದ ಕಲ್ಲುಸಕ್ಕರೆ.
ಸವೆದದ್ದು ಬಲಪಕ್ಕ ಮಾತ್ರ.
ಮೇಲೆ ಎಡಕ್ಕೆಳೆಯುವ ಕೈಯ ಪೆಟ್ಟು
ಕೆಳಗೆ ಬಲಕ್ಕೆ ಬೀಳುತ್ತದೆ.

ಹೊಸದು ಎಲ್ಲಿಂದ ತರುವುದು.
ಕಡ್ಡಿ ಮುಟ್ಟಿಸಿ ಹನಿ ಮೇಲೆ ಹನಿ ಕಬ್ಬಿಣ ಕೂರಿಸಿದೆ,
ಗಿರಣಿಯಿಂದ ತಂದ ಹೊಟ್ಟಿನ ಬೂದಿಯಲ್ಲಿ
ಹೂತಿಟ್ಟೆ, ನಿಧಾನ ತಣಿಯಲೆಂದು.
ಅಷ್ಟರೊಳಗೆ ಒಗ್ಗರಣಿ, ಮಿರ್ಚಿ, ಎರಡೆರಡು ಚಹಾ.

ಆಮೇಲೆ ಅರ.
ಬೆಂಕಿಗಿಂತ ಅರದ ಕೆಲಸವೇ ಕಠಿಣ.
ಒಂದಿಷ್ಟು ಉಳಿದರೆ ಒಳಗಿಳಿಯದು,
ಒಂದಿಷ್ಟು ಹೆಚ್ಚು ತಿಕ್ಕಿದರೆ ಮತ್ತೆ ಗಂಜಿ, ಮತ್ತೆ ಸೌಟು.
ಹನ್ನೊಂದು ಸಲ ಇಳಿಸಿ ತೆಗೆದೆ.
ಹನ್ನೆರಡಕ್ಕೆ ಕಚ್ಚಿನೊಳಗೆ ಕೂತಿತು,
ಕೂತದ್ದು ಅಂಗೈಗೇ ಕೇಳಿಸಿತು.

ಹುಸೇನಪ್ಪ ಕ್ಲಚ್ ಒತ್ತಿದ.
ಮೊಣಕಾಲಿಗೆ ತಾಗಿಸಿ, ತುಸು ಮೇಲೆತ್ತಿ, ಎಡಕ್ಕೆಳೆದು...
ಕರ್ರ್ ಎಂದು ಹಲ್ಲು ಕಡಿಯಿತು ಪೆಟ್ಟಿಗೆ.
ಮತ್ತೊಮ್ಮೆ. ಬೈಗುಳವನ್ನೂ ಹಾಕಿ ನೋಡಿದ.
"ಏನ್ ಮಾಡಿಟ್ಟಿ ಲಾಳೇಸಾ, ಒಂದೂ ಸಿಗವಲ್ದು!"
ರಾಡಿಗೆ ಹಚ್ಚುವ ಕಡ್ಡಿ ನನ್ನಲ್ಲಿತ್ತು.
ಅವನ ಕೈಗೆ ಹಚ್ಚುವಂಥದ್ದು ಇರಲಿಲ್ಲ.

ಮಡ್‌ಗಾರ್ಡ್ ಮೇಲೆ ಕೂತು ಮಿರ್ಚಿ ತಿನ್ನುತ್ತಿದ್ದಳು
ಸೊಸೆ ಅಮರಮ್ಮ.
ಎಂಟು ವರ್ಷ ಅವಳಿಗೆ ಹೇಳಿದ್ದು ಒಂದೇ ಮಾತು,
"ಅದು ನಿನ್ನ ಕೈಗೆ ಬಗ್ಗೂದಲ್ಲ."
ಕೈಯ ಎಣ್ಣೆ ಸೆರಗಿಗೆ ಒರೆಸಿದಳು.
"ಸರೀರಿ ಮಾವ."
ಒಂದು. ಎರಡು.
ಮೂರು ತನ್ನ ಸ್ವಂತ ಮನೆಯಲ್ಲೇ ಇತ್ತು.

ಗಿರಣಿ ದಾಟಿ ಕಾಲುವೆ ಏರಿಯ ಮೇಲೆ ಹೋದರು,
ಅವಳು ಮುಂದೆ, ಅವನು ಮಡ್‌ಗಾರ್ಡ್ ಮೇಲೆ.
ಅವನ ಬಲಗೈ ತೊಡೆಯ ಮೇಲೆ
ತುಸು ಎತ್ತಿ, ಎಡಕ್ಕೆಳೆದು,
ಇಲ್ಲದ ರಾಡಿಗೆ ಗೇರು ಹಾಕುತ್ತಲೇ ಇತ್ತು.

ನನ್ನ ಮುನ್ನೂರು ರೂಪಾಯಿ
ಇಬ್ಬರಿಗೂ ನೆನಪಾಗಲಿಲ್ಲ.