ಊರು ಸರಿದ ಚಳಿಗಾಲ

ಕೆಲ್ಬಿಯ ದಫ್ತರದಲ್ಲಿ ಮೊದಲ ಸಾಲು:
"ಸಾವಿರದ ಎಂಟುನೂರ ಎಂಬತ್ತೇಳು, ಮಾರ್ಚಿ ಒಂಬತ್ತು. ರೈಲು ಬಂತು."
ಅದಕ್ಕೂ ಹಿಂದಿನದು ಒಂದು ಖಾಲಿ ಹಾಳೆ,
ಮೂಲೆಯಲ್ಲಿ ಮಸಿಯ ಬೊಟ್ಟು.

ನನ್ನ ಹೊಲಕ್ಕೆ ಹಿಂದಿನದೂ ಗೊತ್ತು.

ನಾಲ್ಕು ವರ್ಷ ಮೊದಲೇ ಇಲ್ಲಿ, ತೊರೆಯ ಬಗಲಲ್ಲಿ,
ಬೇರು ಸಮೇತ ಹುಲ್ಲುಮಣ್ಣನ್ನು ಇಟ್ಟಿಗೆಯಂತೆ ಕೊಯ್ದು
ಗೋಡೆ ಎಬ್ಬಿಸಿದ್ದರು; ಡಕೋಟಾ ಬಯಲಿನಲ್ಲಿ ಮರವೆಲ್ಲಿ?
ಅರವತ್ತು ಮೈಲಿಯಿಂದ ಹಲಗೆ ಬಂದ ಮೇಲೆ
ಹನ್ನೊಂದು ಮನೆ.
ಸ್ಯೂರ್ ಎಂಡ್ರೆಸನ್ ಬಾವಿ ತೋಡಿದ, ಮೂವತ್ತೆಂಟು ಅಡಿ.
ಕೆಳಗೆ ಅವನು, ಮೇಲೆ ಬಕೆಟ್ಟು ಎಳೆಯಲು ವಾವ್ರಾ.
ಒಬ್ಬನದು ನಾರ್ವೆಯ ಮಾತು, ಒಬ್ಬನದು ಬೊಹೀಮಿಯಾದ್ದು.
ಹಗ್ಗ ಒಂದು ಸಲ ಜಗ್ಗಿದರೆ ಮಣ್ಣು,
ಎರಡು ಸಲ ಜಗ್ಗಿದರೆ ಕಲ್ಲು,
ಮೂರು ಸಲ ಜಗ್ಗಿದ ದಿನ
ಎಲ್ಲರೂ ಕೈಗೆ ಸಿಕ್ಕ ಪಾತ್ರೆ ಹಿಡಿದು ಓಡಿ ಬಂದರು.
ಊರಿನ ಮೊದಲ ಭಾಷೆ ಆ ಹಗ್ಗ.

ಆಮೇಲೆ ರೈಲು ಕಂಪನಿಯವನು ಮಡಚುವ ಮೇಜು ಹಾಕಿ,
ನಕ್ಷೆ ಬಿಚ್ಚಿ, ಅಡಿಪಟ್ಟಿ ಇಟ್ಟು ಗೆರೆ ಎಳೆದ.
ಗೆರೆ ಮೂರು ಮೈಲಿ ತೆಂಕಕ್ಕೆ ಹೋಯಿತು.
ಅವನಿಗೇನೂ ಹಗೆಯಿರಲಿಲ್ಲ; ಆ ಕಡೆ ಏರು ಕಡಿಮೆ, ಅಷ್ಟೆ.
ಹೆಸರಿಟ್ಟವನೂ ಅವನೇ. ನಿಲ್ದಾಣಗಳಿಗೆ ಅಕ್ಷರದ ಸರದಿ,
ಹಿಂದಿನದು ಜೆ, ಮುಂದಿನದು ಎಲ್,
ನಡುವೆ ಖಾಲಿಯಿದ್ದ ಕುರ್ಚಿಯಲ್ಲಿ ನಾವು ಕೂತೆವು.

"ಪ್ರತಿ ವರ್ಷ ಗೋಧಿ ಹೊರುವ ಬದಲು
ಒಮ್ಮೆ ಊರನ್ನೇ ಹೊತ್ತುಬಿಡೋಣ" ಎಂದವಳು
ವಾವ್ರಾನ ಹೆಂಡತಿ ಬೊಹುಮಿಲಾ ಅನ್ನುತ್ತಾರೆ.
ಎಂಡ್ರೆಸನ್ ಮನೆತನ ಇವತ್ತಿಗೂ ಒಪ್ಪುವುದಿಲ್ಲ.

ಜನವರಿ. ನೆಲ ಕಬ್ಬಿಣ, ಹಿಮ ಗಾಜು.
ಮನೆಗಳ ಅಡಿಗೆ ತೊಲೆ ತೂರಿಸಿ, ಇಪ್ಪತ್ತು ಕುದುರೆ ಹೂಡಿ,
ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಹೋಗುವ ಹಾಗೆ
ಒಂದೊಂದಾಗಿ ಒಯ್ದರು.
ಸ್ಯೂರನ ಹೆಂಡತಿ ಓಲಿನೆ ಮಾತ್ರ ಇಳಿಯಲಿಲ್ಲ.
ಹಿಟ್ಟು ಹುದುಗು ಬಂದಿದೆ, ಒಲೆ ಆರಿಸುವುದಿಲ್ಲ ಅಂದಳು.
ಹೊರಟ ಮನೆಯ ಚಿಮಣಿಯಲ್ಲಿ ಹೊಗೆ,
ಬಯಲಿಗೆ ಬಯಲೇ ಬ್ರೆಡ್ಡಿನ ವಾಸನೆ,
ಕುದುರೆಗಳು ತಿರುತಿರುಗಿ ನೋಡಿದವಂತೆ.
ಎರಡನೆಯ ಮೈಲಿಗೆ ಬೆಂದಿತ್ತು,
ಮನೆ ವಾಲಿದ ಕಡೆಗೆ ಉಬ್ಬಿ.

ಬಾವಿಯ ಅಡಿಗೆ ತೊಲೆ ತೂರಿಸಲು ಬರಲಿಲ್ಲ.
ಗಂಟಲುಮಾರಿ ಮಲಗಿಸಿದ ಐದು ಮಕ್ಕಳ ಅಡಿಗೂ.
ಐವರಲ್ಲಿ ಇಬ್ಬರು ಓಲಿನೆಯವರು.
ಅಡುಗೆಮನೆಯ ಕಿಟಕಿ ತೊರೆಯ ಕಡೆಗಿತ್ತು.
ಸಣ್ಣದಾಗುತ್ತ ಹೋಗುವ ಆ ದಿಬ್ಬವನ್ನು
ಮನೆಯೊಳಗೆ ನಿಂತೇ ನೋಡಬೇಕಿತ್ತೇನೋ ಅವಳಿಗೆ.
ಹಿಟ್ಟಿನ ವಿಷಯ ನಾನು ಅಷ್ಟಾಗಿ ನಂಬುವುದಿಲ್ಲ.

ಆ ನೆಲ ಕೊಂಡ ನನ್ನಜ್ಜ ಬಾವಿ ಮುಚ್ಚಿ,
ಗೋರಿಕಲ್ಲುಗಳ ಸುತ್ತು ಬಿಟ್ಟು, ಮಿಕ್ಕದ್ದನ್ನು ಉತ್ತ.
ಈಗ ಕೆಲ್ಬಿಗೆ ರೈಲೂ ಇಲ್ಲ, ಹಳಿ ಕಿತ್ತೊಯ್ದರು.
ಆದರೆ ಮಳೆ ತಡವಾದ ವರ್ಷ, ಜೂನ್ ನಡುವಿಗೆ,
ಟ್ರ್ಯಾಕ್ಟರಿನ ಮೇಲೆ ಎದ್ದು ನಿಂತರೆ
ಗೋಧಿಯಲ್ಲಿ ಊರು ಕಾಣುತ್ತದೆ:
ಲಾಯವಿದ್ದಲ್ಲಿ ಕಡುಹಸಿರು ಚೌಕ,
ತುಳಿದು ಗಟ್ಟಿಯಾದ ಬೀದಿ ತೆಳು ಹಳದಿ.
ಹನ್ನೊಂದು ಮನೆ, ಎಣಿಸಿದ್ದೇನೆ.
ಹತ್ತು ದಿನ. ಆಮೇಲೆ ತೆನೆ ಹಣ್ಣಾಗಿ ಎಲ್ಲ ಒಂದೇ ಬಣ್ಣ.

ಆ ಖಾಲಿ ಹಾಳೆಯಲ್ಲಿ ಬರೆಸೋಣವೆಂದು
ಹೋದ ವರ್ಷ ದಫ್ತರದವಳನ್ನು ಕರೆತಂದೆ.
ಬರುವಷ್ಟರಲ್ಲಿ ವಾರದ ಮಳೆ ಹಿಡಿದು
ಹೊಲ ಎಲ್ಲೆಡೆ ಒಂದೇ ಹಸಿರು.
ಕಾಗದ ಒದ್ದೆಯಾಗದಂತೆ ಕೋಟಿನೊಳಗೆ ಸೇರಿಸಿ
"ಬಾವಿ ಎಲ್ಲಿತ್ತು?" ಎಂದಳು.
ನೀವು ನಿಂತಿದ್ದೀರಲ್ಲ, ಅಲ್ಲೇ, ಅಂದೆ.
ಅವಳು ಬೆಚ್ಚಿ ಒಂದು ಹೆಜ್ಜೆ ಪಕ್ಕಕ್ಕಿಟ್ಟಳು,
ಯಾರದೋ ಮನೆಯೊಳಕ್ಕೆ.